ಒಂದು ಗೆರೆಯೋ, ಎರಡೋ

ಹೋದ ವರ್ಷ ಮೇ ತಿಂಗಳು. ಕಲಬುರಗಿ ಬಿಸಿಲು ನಿಮಗೆ ಗೊತ್ತಲ್ವಾ, ಬೆಳಿಗ್ಗೆ ಹತ್ತೂವರೆಗೇ ಓಣಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ. ಅಂಥ ಹೊತ್ತಿನಲ್ಲಿ ನನ್ನ ಗೆಳತಿ ಎರಡು ಬಸ್ ಬದಲಿಸಿಕೊಂಡು ನಮ್ಮ ಮನೆಗೆ ಬಂದಳು. ಅವಳಿಗೆ ಹುಟ್ಟಿನಿಂದಲೇ ಕಣ್ಣು ಕಾಣುವುದಿಲ್ಲ. ಕೋಲು ಮಡಚಿ ಪಕ್ಕಕ್ಕಿಟ್ಟು, ಒಂದು ಚೊಂಬು ನೀರು ಕುಡಿದು, ಚೀಲದಿಂದ ರೊಟ್ಟಿ ಡಬ್ಬಿ ತೆಗೆದಳು. ಮೇಲೆ ಎರಡು ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಅದರ ಕೆಳಗೆ ಪೇಪರಿನಲ್ಲಿ ಸುತ್ತಿದ ಸಣ್ಣ ಪಾಕೀಟು. ಆಶಾ ಕಾರ್ಯಕರ್ತೆ ಕೊಟ್ಟ ನಿಶ್ಚಯ್ ಕಿಟ್. ಬಸಿರು ನಿಂತಿದೆಯೋ ಇಲ್ಲವೋ ಅಂತ ಮನೆಯಲ್ಲೇ ನೋಡಿಕೊಳ್ಳುವುದು.

“ಅಕ್ಕಾ, ನಾ ಒಳಗ ಹೋಗಿ ಹಾಕ್ಕೊಂಡ್ ಬರ್ತೀನಿ. ಒಂದ್ ಗೆರಿ ಬಂದದೋ ಎರಡ್ ಬಂದಾವೋ ನೋಡಿ ಹೇಳು. ಮನ್ಯಾಗ ಅತ್ತಿ ಕೈಯಾಗ ಕೊಟ್ರ ನನಗಿಂತ ಮೊದ್ಲ ಓಣಿಗೆಲ್ಲ ಗೊತ್ತಾಗ್ತದ.”

ಗಂಡನಿಗೆ ಅರ್ಧಂಬರ್ಧ ಕಾಣುತ್ತದೆ. ಅಷ್ಟು ಸಣ್ಣ ಗೆರೆ ಅವನಿಗೂ ಕಾಣುವುದಿಲ್ಲ. ಅವಳು ಬಚ್ಚಲಿಗೆ ಹೋದಳು. ಬೆರಳಿನಿಂದ ಆ ಪಟ್ಟಿಯ ಗುಂಡಿ ಹುಡುಕಿ, ಹನಿ ಎಣಿಸಿ ಹಾಕಿ, ಪಟ್ಟಿಯನ್ನು ಅಲ್ಲಾಡಿಸದೆ ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದಳು. ಐದು ನಿಮಿಷ ಕಾಯಬೇಕು. ಫ್ಯಾನ್ ಸದ್ದು ಬಿಟ್ಟರೆ ಬೇರೆ ಏನೂ ಇಲ್ಲ. ಮೊದಲ ಗೆರೆ ಬೇಗ ಬಂತು. ಎರಡನೆಯದು ನಿಧಾನಕ್ಕೆ, ಇದೆಯೋ ಇಲ್ಲವೋ ಅನ್ನುವ ಹಾಗೆ ಮೂಡಿತು.

“ಎರಡು” ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, “ಎರಡ್ನೇದು ಗಟ್ಟಿ ಅದ ಏನು ತೆಳ್ಳಗ ಅದ?” ತಿಳಿ ಗುಲಾಬಿ ಅನ್ನಲು ಹೋದೆ. ಬಣ್ಣ ಹೇಳಿ ಅವಳಿಗೇನು ಪ್ರಯೋಜನ? “ಒಂದು ಹುರಿ ಹಂಗ ಅದ. ಇನ್ನೊಂದು ನೂಲಿನ ಎಳಿ ಹಂಗ” ಅಂದೆ. ತೆಳ್ಳಗಿದ್ದರೂ ಲೆಕ್ಕಕ್ಕೆ ಬರುತ್ತದೆ ಅಂತಲೂ ಹೇಳಿದೆ. ಅವಳು ಪಟ್ಟಿಯ ಮೇಲೆ ಬೆರಳಾಡಿಸಿದಳು. ಕೈಗೆ ಸಿಗುವಂಥದ್ದು ಅಲ್ಲಿ ಏನೂ ಇರಲಿಲ್ಲ.

ಅವಳ ಹೊಟ್ಟೆಯಲ್ಲಿ ಮಗು ಇದೆ ಅಂತ ಮೊದಲು ಗೊತ್ತಾಗಿದ್ದು ನನಗೆ. ಅವಳಿಗಲ್ಲ. ಇದು ಅವತ್ತಿನಿಂದ ನನ್ನನ್ನು ಬಿಟ್ಟಿಲ್ಲ. ಅದಕ್ಕೇ ಈ ಬರಹ.

ನಾನು ಕಲಬುರಗಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ. ಗ್ರಾಮೀಣ ಪುನರ್ವಸತಿ ಕಾರ್ಯಕರ್ತೆ ಅಂತ ಕಾಗದದಲ್ಲಿ ಬರೆಯುತ್ತಾರೆ. ಅಂಗವಿಕಲರ ಗುರುತಿನ ಯು.ಡಿ.ಐ.ಡಿ ಕಾರ್ಡಿಗೆ ಅರ್ಜಿ ಹಾಕಿಸುವುದು, ಮಾಸಾಶನ ನಿಂತಿದ್ದರೆ ವಿಚಾರಿಸುವುದು, ಬಸ್ ಪಾಸ್, ಗಾಲಿಕುರ್ಚಿ, ಕಿವಿ ಮಷೀನು. ಇದೇ ನನ್ನ ಕೆಲಸ. ಆ ಪಟ್ಟಿಯಲ್ಲಿ ಮುಟ್ಟು, ಬಸಿರು, ಗಂಡ-ಹೆಂಡತಿ ಕೂಡುವುದು, ಇಂಥವು ಯಾವುವೂ ಇಲ್ಲ. ಆದರೆ ಹೆಣ್ಮಕ್ಕಳು ಅರ್ಜಿಗೆ ಸಹಿ ಹಾಕಿ ಏಳುವಾಗ ಬಾಗಿಲ ಕಡೆ ಒಮ್ಮೆ ನೋಡುತ್ತಾರೆ. “ಅಕ್ಕಾ, ಇನ್ನೊಂದ್ ಮಾತು” ಅನ್ನುತ್ತಾರೆ. ಆ ಇನ್ನೊಂದು ಮಾತು ಹೆಚ್ಚಾಗಿ ಇದೇ ಆಗಿರುತ್ತದೆ.

ನನಗೆ ಒಂದೂವರೆ ವರ್ಷಕ್ಕೆ ಪೋಲಿಯೊ ಆಯಿತು. ಜ್ವರ ಬಂದು ಬಲಗಾಲು ಹೋಯಿತು. ಈಗ ನನಗೆ 42. ಕಾಲಿಗೆ ಆಸರೆ ಕೊಡುವ ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತೇನೆ, ದೂರ ಹೋಗಲು ಪಕ್ಕದ ಗಾಲಿ ಇರುವ ಸ್ಕೂಟಿ ಇದೆ. 2014ರಲ್ಲಿ ಭಾರತ ಪೋಲಿಯೊ ಮುಕ್ತ ಅಂತ ಘೋಷಣೆ ಆಯಿತು. ನಮ್ಮ ನಂತರದ ಮಕ್ಕಳಿಗೆ ಈ ರೋಗ ಬರಲಿಲ್ಲ, ಅದು ನನಗೆ ದೊಡ್ಡ ಸಮಾಧಾನ. ಆದರೆ ಅದಕ್ಕೂ ಮೊದಲು ಹುಟ್ಟಿದವರು ನಾವು ಬಹಳ ಮಂದಿ ಇದ್ದೇವೆ. ನಮಗೆ ಮದುವೆ ಆಗುತ್ತದೆ, ಮಕ್ಕಳಾಗುತ್ತವೆ, ಮುಟ್ಟು ನಿಲ್ಲುವ ವಯಸ್ಸೂ ಬರುತ್ತದೆ.

ನನ್ನ ಅಕ್ಕನ ಮದುವೆಯ ಹಿಂದಿನ ದಿನ ಸೋದರತ್ತಿ ಅವಳನ್ನು ಒಳಕೋಣೆಗೆ ಕರೆದು ಏನೋ ಹೇಳುತ್ತಿದ್ದರು. ನಾನು ಅರಿಶಿಣದ ಬಟ್ಟಲು ತೆಗೆದುಕೊಂಡು ಒಳಗೆ ಹೋದೆ. ಮಾತು ನಿಂತಿತು. “ನೀ ಹೊರಗ ಹೋಗವ್ವ. ನಿನಗ್ಯಾಕ ಬೇಕು ಇವೆಲ್ಲ” ಅಂದರು. ಬೈಯುವ ದನಿಯಲ್ಲ, ಪ್ರೀತಿಯಿಂದಲೇ ಅಂದರು. ನನಗಾಗ 18 ವರ್ಷ. ನನಗಿಂತ ಎರಡು ವರ್ಷ ಸಣ್ಣವಳಾದ ಚಿಗವ್ವನ ಮಗಳು ಅದೇ ಕೋಣೆಯಲ್ಲಿ ಕೂತಿದ್ದಳು. ಅವಳನ್ನು ಯಾರೂ ಹೊರಗೆ ಕಳಿಸಲಿಲ್ಲ. ನಾನು ಅಂಗಳದ ಕಟ್ಟೆಯ ಮೇಲೆ ಕೂತು ಹೂವು ಕಟ್ಟಿದೆ. ಅವರ ನಗು ಕೇಳುತ್ತಿತ್ತು.

ಶಾಲೆಯಲ್ಲೂ ಅಷ್ಟೇ. ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ಸಂತಾನೋತ್ಪತ್ತಿಯ ಪಾಠ ಬಂದಾಗ ಮೇಷ್ಟ್ರು “ಇದನ್ನ ಮನ್ಯಾಗ ಓದ್ಕೋರಿ” ಅಂದು ಮುಂದಿನ ಪಾಠಕ್ಕೆ ಹೋದರು. ಇದು ಎಲ್ಲರಿಗೂ ಆಗಿದ್ದೇ. ಆದರೆ ಬೇರೆ ಹುಡುಗಿಯರಿಗೆ ಅಕ್ಕಂದಿರು, ವೈನಿಯರು, ಗೆಳತಿಯರು ಹೇಳಿದರು. ನಮ್ಮಂಥವರಿಗೆ ಆ ದಾರಿಯೂ ಮುಚ್ಚಿರುತ್ತದೆ. ಇವಳಿಗೆ ಬೇಕಾಗುವುದಿಲ್ಲ ಅಂತ ಮನೆಯವರೇ ಮೊದಲು ತೀರ್ಮಾನ ಮಾಡಿಬಿಟ್ಟಿರುತ್ತಾರೆ.

ನನಗೆ 31ಕ್ಕೆ ಮದುವೆ ಗೊತ್ತಾಯಿತು. ಹುಡುಗ ಹಿಟ್ಟಿನ ಗಿರಣಿ ನಡೆಸುತ್ತಿದ್ದ. ಅಂಗವಿಕಲರನ್ನು ಮದುವೆಯಾದರೆ ಸರಕಾರ 50 ಸಾವಿರ ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ, ಅದರ ಫಾರ್ಮು ತರಲು ಅಣ್ಣ ಓಡಾಡಿದ. ಫಾರ್ಮಿನ ಜೊತೆ ಒಂದು ಕೈಪಿಡಿ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಹಣ ಹೇಗೆ ಬರುತ್ತದೆ ಅಂತ ಹೇಳಲು ಹತ್ತು ಜನ ಇದ್ದರು. ಮದುವೆಯ ರಾತ್ರಿ ಕ್ಯಾಲಿಪರ್ ಎಲ್ಲಿ ಬಿಚ್ಚಿಡಲಿ, ಸೊಂಟ ನೋಯುತ್ತದೆಯಾ, ಈ ಕಾಲು ಎಷ್ಟು ಅಗಲವಾಗುತ್ತದೆ, ನಾನು ಬಸಿರಾದರೆ ಮಗುವಿಗೂ ಹೀಗೇ ಆಗುತ್ತದೆಯಾ ಅಂತ ಕೇಳಲು ಒಬ್ಬರೂ ಇರಲಿಲ್ಲ.

ವೈನಿ ನನ್ನನ್ನು ಕಲಬುರಗಿಯ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಡಾಕ್ಟರ ಮುಂದೆ ಎರಡು ಕುರ್ಚಿ. ಒಂದರಲ್ಲಿ ನಾನು, ಒಂದರಲ್ಲಿ ವೈನಿ. ಡಾಕ್ಟರು ವೈನಿಯ ಮುಖ ನೋಡಿ ಕೇಳಿದರು, “ಇವರಿಗೆ ಮುಟ್ಟು ಸರಿಯಾಗಿ ಆಗ್ತದಾ?” ವೈನಿ ನನ್ನ ಕಡೆ ನೋಡಿದಳು. ನಾನು “ಆಗ್ತದ್ರಿ” ಅಂದೆ. ಡಾಕ್ಟರು ಮತ್ತೆ ವೈನಿಗೇ ಕೇಳಿದರು, “ಬಿಳಿ ಸೆರಗು ಏನಾದ್ರೂ ಹೋಗ್ತದಾ?” ಆಮೇಲೆ ಮೇಜಿನ ಮೇಲೆ ಮಲಗಲು ಹೇಳಿದರು. ಆ ಮೇಜು ನನ್ನ ಎದೆ ಮಟ್ಟಕ್ಕಿತ್ತು. ಎರಡು ಕಬ್ಬಿಣದ ಮೆಟ್ಟಿಲು, ಹಿಡಿದುಕೊಳ್ಳಲು ಏನೂ ಇಲ್ಲ. ಮೊಣಕಾಲಿನ ಹತ್ತಿರ ಕ್ಯಾಲಿಪರ್ ಲಾಕ್ ತೆಗೆದೆ, ಟಕ್ ಅಂತ ಸದ್ದಾಯಿತು. ಹೊರಗೆ ಕೂತಿದ್ದವರು ಪರದೆಯ ಸಂದಿಯಿಂದ ಇಣುಕಿದರು. ಡಾಕ್ಟರು ಕೊನೆಗೆ ಹೇಳಿದ್ದು ಇಷ್ಟೇ: “ಕಷ್ಟ ಆಗ್ತದ, ಯೋಚನೆ ಮಾಡ್ರಿ.” ಏನು ಕಷ್ಟ, ಯಾಕೆ ಕಷ್ಟ, ಹೇಳಲಿಲ್ಲ. ಬಸ್ಸಿನಲ್ಲಿ ವಾಪಸ್ ಬರುವಾಗ ವೈನಿಯೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ.

ನನ್ನ ಪುಣ್ಯಕ್ಕೆ ನಮ್ಮೂರ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಒಬ್ಬ ಸಿಸ್ಟರ್ ಇದ್ದರು. ಸಂಜೆ ಎಲ್ಲರೂ ಹೋದ ಮೇಲೆ ಹೋದೆ. ಅವರು ಬಾಗಿಲು ಮುಂದೆ ಮಾಡಿ, ತಮ್ಮ ಕುರ್ಚಿಯನ್ನು ಎಳೆದುಕೊಂಡು ನನ್ನ ಎದುರು ಹಾಕಿಕೊಂಡರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ. “ಕೇಳವ್ವ, ಏನ್ ಕೇಳ್ತಿ ಕೇಳು” ಅಂದರು.

ಅವತ್ತು ಅವರು ಹೇಳಿದ್ದನ್ನು ನಾನು ಈಗ ನೂರಾರು ಜನಕ್ಕೆ ಹೇಳಿದ್ದೇನೆ. ಪೋಲಿಯೊ ಕೆಡಿಸುವುದು ಸ್ನಾಯು ಆಡಿಸುವ ನರಗಳನ್ನು. ಮುಟ್ಟಿದ್ದು ತಿಳಿಯುವ ನರಗಳು ಹಾಗೇ ಇರುತ್ತವೆ. ಹಾಗಾಗಿ ಕಾಲಿಗೆ ಬಲ ಇಲ್ಲದಿದ್ದರೂ ಸ್ಪರ್ಶ ಇದೆ, ಸುಖ ಇದೆ, ನೋವೂ ಇದೆ. ಗರ್ಭಚೀಲಕ್ಕೂ ಅಂಡಾಶಯಕ್ಕೂ ಏನೂ ಆಗಿರುವುದಿಲ್ಲ. ಇದು ವೈರಸ್ಸಿನಿಂದ ಬಂದದ್ದು, ರಕ್ತದಲ್ಲಿ ಹರಿದು ಮಗುವಿಗೆ ಬರುವುದಿಲ್ಲ. ಸೊಂಟದ ಎಲುಬು ಓರೆಯಾಗಿದ್ದರೆ ಆಪರೇಷನ್ ಮಾಡಿ ಹೆರಿಗೆ ಮಾಡಬೇಕಾಗಬಹುದು, ಅದಕ್ಕೆ ಐದಾರು ತಿಂಗಳಿಗೇ ದೊಡ್ಡಾಸ್ಪತ್ರೆಯಲ್ಲಿ ತೋರಿಸಿಕೊಂಡಿರಬೇಕು. ಕ್ಯಾಲಿಪರ್ ಬಿಚ್ಚಿಡು, ಮೊಣಕಾಲ ಕೆಳಗೆ ದಿಂಬು ಇಟ್ಟುಕೋ, ಮಗ್ಗುಲಾಗಿ ಮಲಗಿದರೆ ಸೊಂಟಕ್ಕೆ ಭಾರ ಬೀಳುವುದಿಲ್ಲ. ನೋವಾದರೆ ಬೇಡ ಅನ್ನು. ಗಂಡನಿಗೆ ಮೊದಲೇ ಹೇಳಿಡು, ಅವನಿಗೂ ಗೊತ್ತಿರುವುದಿಲ್ಲ.

ಹತ್ತು ನಿಮಿಷದ ಮಾತು. ನನ್ನ 31 ವರ್ಷದಲ್ಲಿ ಈ ಹತ್ತು ನಿಮಿಷ ಯಾರ ಹತ್ತಿರವೂ ಇರಲಿಲ್ಲ. ಈಗ ನನ್ನ ಮಗನಿಗೆ ಒಂಬತ್ತು ವರ್ಷ. ಆಪರೇಷನ್ ಮಾಡಿಯೇ ಹೆರಿಗೆ ಆಯಿತು. ಓಡುತ್ತಾನೆ, ಮರ ಹತ್ತುತ್ತಾನೆ, ನನ್ನ ಕ್ಯಾಲಿಪರಿಗೆ ಎಣ್ಣೆ ಹಾಕುವುದು ಅವನದೇ ಕೆಲಸ.

ಈ ಕೆಲಸಕ್ಕೆ ಬಂದ ಮೇಲೆ ನನಗೆ ಒಂದು ಅರ್ಥವಾಯಿತು. ಡಾಕ್ಟರು ನಮ್ಮನ್ನು ಬಿಟ್ಟು ಪಕ್ಕದಲ್ಲಿ ಇದ್ದವರನ್ನು ಕೇಳುವುದು ನನಗೊಬ್ಬಳಿಗೇ ಆಗಿದ್ದಲ್ಲ. ಕಣ್ಣು ಕಾಣದವರಿಗೆ, ಕಿವಿ ಕೇಳದವರಿಗೆ, ಗಾಲಿಕುರ್ಚಿಯಲ್ಲಿ ಕೂತವರಿಗೆ, ಎಲ್ಲರಿಗೂ ಇದೇ. ಕಾಲಿಗೆ ತೊಂದರೆ ಇದ್ದವಳ ಬಾಯಿಗೂ ತೊಂದರೆ ಇದೆ ಅಂತ ಯಾಕೆ ಅಂದುಕೊಳ್ಳುತ್ತಾರೋ.

ಕಿವಿ ಕೇಳದವರ ಪಾಡು ಎಲ್ಲರಿಗಿಂತ ಕಷ್ಟ. ನಮ್ಮ ಪಕ್ಕದ ಊರಿನ ಒಬ್ಬ ಹೆಣ್ಮಗಳು, ಮದುವೆಯಾಗಿ ವರ್ಷ ಆಗಿತ್ತು. ಗಂಡ ಪುಣೆಯಲ್ಲಿ ಕಟ್ಟಡ ಕೆಲಸ. ಸುಗ್ಗಿಗೆ, ಹಬ್ಬಕ್ಕೆ ಊರಿಗೆ ಬರುತ್ತಾನೆ. ಆಕೆಗೆ ಆರು ತಿಂಗಳಿಂದ ಬಿಳಿ ಸೆರಗು, ಉರಿ, ತುರಿಕೆ. ಆಸ್ಪತ್ರೆಗೆ ಜೊತೆಗೆ ಹೋಗಿದ್ದು ತಮ್ಮ. ಅವನಿಗೆ 17 ವರ್ಷ. ಡಾಕ್ಟರು ತಮ್ಮನನ್ನು ಕೇಳುತ್ತಾರೆ, ತಮ್ಮ ಕೈ ಸನ್ನೆ ಮಾಡಿ ಅಕ್ಕನನ್ನು ಕೇಳುತ್ತಾನೆ. ಏನಂತ ಕೇಳುತ್ತಾನೆ ಪಾಪ? ಅವರ ಮನೆಯ ಸನ್ನೆಯಲ್ಲಿ ಊಟ ಇದೆ, ನೀರು ಇದೆ, ಎಮ್ಮೆ ಇದೆ, ಬಸ್ ಇದೆ. ಆ ಜಾಗಕ್ಕೆ ಸನ್ನೆಯೇ ಇಲ್ಲ. ಅವಳು ತಲೆ ಅಲ್ಲಾಡಿಸಿ ಬಂದಳು. ಹೊಟ್ಟೆ ನೋವಿನ ಮಾತ್ರೆ ಕೊಟ್ಟು ಕಳಿಸಿದರು.

ಅವಳು ಸ್ವಲ್ಪ ವರ್ಷ ಕಿವುಡ ಮಕ್ಕಳ ಶಾಲೆಯಲ್ಲಿ ಓದಿದ್ದಳು. ಅಲ್ಲಿನ ಗೆಳತಿಯೊಬ್ಬಳು ಬೀದರಿನಲ್ಲಿ ಇದ್ದಾಳೆ ಅಂತ ಗೊತ್ತಾಯಿತು. ನನ್ನ ಫೋನಿನಿಂದ ವಿಡಿಯೊ ಕಾಲ್ ಮಾಡಿಸಿದೆ. ಫೋನನ್ನು ಗೋಡೆಗೆ ಒರಗಿಸಿಟ್ಟು ನಾನು ಹೊರಗೆ ಬಂದು ಕೂತೆ. ಮುಕ್ಕಾಲು ತಾಸು ಆಯಿತು. ಬಾಗಿಲ ಸಂದಿಯಿಂದ ನೋಡಿದರೆ ಅವಳ ಕೈ ನಿಲ್ಲುತ್ತಲೇ ಇರಲಿಲ್ಲ. ಅಷ್ಟು ಮಾತು ಒಳಗಿತ್ತು. ಆ ಗೆಳತಿ ಆಮೇಲೆ ನನಗೆ ವಾಟ್ಸಾಪಿನಲ್ಲಿ ಬರೆದು ಕಳಿಸಿದಳು, ಅವಳನ್ನು ಕೇಳಿಯೇ. ಗಂಡ ಬಂದು ಹೋದ ಮೇಲೆ ಶುರುವಾದದ್ದು ಇದು. ಅವನಿಗೂ ಉರಿ ಇದೆ. ಯಾರಿಗೂ ಹೇಳಬೇಡ ಅಂದಿದ್ದಾನೆ.

ಜಿಲ್ಲಾ ಮಟ್ಟದ ಸರಕಾರಿ ಆಸ್ಪತ್ರೆಯಲ್ಲಿ ಸುರಕ್ಷಾ ಕ್ಲಿನಿಕ್ ಅಂತ ಇರುತ್ತದೆ. ಲೈಂಗಿಕ ಸಂಪರ್ಕದಿಂದ ಬರುವ ರೋಗಗಳಿಗೆ ಅಲ್ಲಿ ಪುಕ್ಕಟೆ ನೋಡುತ್ತಾರೆ, ಬಣ್ಣ ಬಣ್ಣದ ಕಿಟ್‌ನಲ್ಲಿ ಔಷಧಿ ಕೊಡುತ್ತಾರೆ. ಗಂಡ-ಹೆಂಡತಿ ಇಬ್ಬರೂ ಒಟ್ಟಿಗೆ ಔಷಧಿ ತೆಗೆದುಕೊಂಡರೆ ಮಾತ್ರ ಇದು ಹೋಗುತ್ತದೆ. ಒಬ್ಬರು ತೆಗೆದುಕೊಂಡರೆ ಮತ್ತೆ ಬರುತ್ತದೆ. ಅಲ್ಲಿಯೇ ಎಚ್.ಐ.ವಿ ಪರೀಕ್ಷೆಯೂ ಆಯಿತು. ಇಲ್ಲ ಅಂತ ಬಂತು. ಆ ಚೀಟಿ ಕೈಗೆ ಕೊಟ್ಟಾಗ ಅವಳು ಅದನ್ನು ನನ್ನ ಮುಂದೆ ಹಿಡಿದು ಹುಬ್ಬು ಏರಿಸಿದಳು. ನಾನು ಕೈ ಅಲ್ಲಾಡಿಸಿ ಇಲ್ಲ ಅಂದೆ. ಅಷ್ಟು ಸನ್ನೆ ನನಗೂ ಗೊತ್ತಿತ್ತು. 1097 ಅನ್ನುವ ಸಹಾಯವಾಣಿ ಇದೆ, ಎಚ್.ಐ.ವಿ ಬಗ್ಗೆ ಏನು ಬೇಕಾದರೂ ಕೇಳಬಹುದು. ಆದರೆ ಅದು ಫೋನಿನಲ್ಲಿ ಮಾತಾಡುವವರಿಗೆ. ಅವಳಿಗೆ ಅದರಿಂದ ಏನು ಸಿಕ್ಕೀತು?

ಮೈಯ ಭಾಗಗಳಿಗೆ ಹೆಸರು ಬೇಕು, ಸನ್ನೆ ಬೇಕು. ಇದನ್ನು ನಾನು ತಾಯಂದಿರಿಗೆ ಕಾಲು ಹಿಡಿದು ಹೇಳುತ್ತೇನೆ. ಯಾರಾದರೂ ಕೆಟ್ಟದ್ದು ಮಾಡಿದರೆ ಹೇಳಲಿಕ್ಕಾದರೂ ಮಗುವಿಗೆ ಪದ ಬೇಡವಾ? 2013ರಲ್ಲಿ ಕಾನೂನು ತಿದ್ದುಪಡಿಯಾಯಿತು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಅಂಗವಿಕಲ ಹೆಣ್ಣುಮಗಳು ಠಾಣೆಗೆ ಹೋಗಬೇಕಿಲ್ಲ. ಪೊಲೀಸರೇ ಅವಳ ಮನೆಗೆ ಅಥವಾ ಅವಳು ಹೇಳಿದ ಜಾಗಕ್ಕೆ ಬಂದು ದೂರು ಬರೆದುಕೊಳ್ಳಬೇಕು. ಸನ್ನೆ ಭಾಷೆ ಬಲ್ಲವರು ಅಥವಾ ವಿಶೇಷ ಶಿಕ್ಷಕರು ಜೊತೆಗಿರಬೇಕು, ವಿಡಿಯೊ ಆಗಬೇಕು. ಈ ಮಾತನ್ನು ನಾನು ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಮೊದಲ ಸಲ ಕೇಳುತ್ತಿದ್ದೇವೆ ಅನ್ನುವವರೇ ಜಾಸ್ತಿ.

ಇನ್ನು ಒಬ್ಬ ತಾಯಿಯ ವಿಷಯ. ಇದನ್ನು ಬರೆಯಬೇಕೋ ಬೇಡವೋ ಅಂತ ಬಹಳ ಯೋಚಿಸಿದೆ.

ಅವರ ಮಗಳಿಗೆ 14. ಬುದ್ಧಿ ಬೆಳವಣಿಗೆ ಕಡಿಮೆ. ಮಾತು ನಾಲ್ಕೈದು ಪದ. ಹುಡುಗಿ ದೊಡ್ಡವಳಾದ ದಿನದಿಂದ ತಾಯಿಗೆ ನಿದ್ದೆ ಇಲ್ಲ. ಮುಟ್ಟಾದಾಗ ಹುಡುಗಿ ಬಟ್ಟೆ ಕಿತ್ತು ಎಸೆಯುತ್ತಾಳೆ, ಹಾಗೇ ಓಣಿಗೆ ಹೋಗುತ್ತಾಳೆ. ತಾಯಿ ತೊಗರಿ ಹೊಲಕ್ಕೆ ಕೂಲಿಗೆ ಹೋಗಬೇಕು. ಒಂದು ದಿನ ಪಂಚಾಯಿತಿಗೆ ಬಂದು, ನೆಲದ ಮೇಲೆ ಕೂತುಬಿಟ್ಟರು. “ಯವ್ವಾ, ಚೀಲ ತೆಗಿಸಿಬಿಡ್ತೀನಿ. ಯಾವ ಆಸ್ಪತ್ರ್ಯಾಗ ತೆಗಿತಾರ ಹೇಳು. ಸಾಲ ಮಾಡ್ತೀನಿ.”

ನಮ್ಮ ಕಡೆ ಗರ್ಭಚೀಲ ತೆಗೆಸುವುದು ದೊಡ್ಡ ವಿಷಯವೇ ಅಲ್ಲ ಅನ್ನುವ ಹಾಗೆ ಮಾತಾಡುತ್ತಾರೆ. ಬಿಳಿ ಸೆರಗಿಗೂ ಚೀಲ, ಬೆನ್ನು ನೋವಿಗೂ ಚೀಲ. ಕಲಬುರಗಿ ಜಿಲ್ಲೆಯ ತಾಂಡಾಗಳ ಹೆಣ್ಮಕ್ಕಳಿಗೆ ಬೇಕಿಲ್ಲದೆ ಈ ಆಪರೇಷನ್ ಮಾಡಿದ ವಿಷಯ 2015ರ ಸುಮಾರಿಗೆ ರಾಜ್ಯಕ್ಕೆಲ್ಲ ಗೊತ್ತಾಗಿತ್ತು. ಬುದ್ಧಿಮಾಂದ್ಯ ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ಹಳೆಯದು. 1994ರಲ್ಲಿ ಪುಣೆಯಲ್ಲಿ ಸರಕಾರಿ ವಸತಿಗೃಹದ ಇಂಥ ಹುಡುಗಿಯರಿಗೆ, ಮುಟ್ಟಿನ ಸ್ವಚ್ಛತೆಯ ಕಾರಣ ಹೇಳಿ, ಗರ್ಭಚೀಲ ತೆಗೆದಿದ್ದರು. ದೇಶದಲ್ಲೆಲ್ಲ ವಿರೋಧ ಬಂತು.

ಆ ತಾಯಿಗೆ ನಾನು ಕಾನೂನು ಹೇಳಲು ಹೋಗಲಿಲ್ಲ. ಕಷ್ಟದಲ್ಲಿ ಇದ್ದವರಿಗೆ ಕಲಮು ಓದಿ ಹೇಳಿದರೆ ಏನು ಬಂತು? ಒಂದೇ ಮಾತು ಕೇಳಿದೆ. “ಅವ್ವಾ, ನಿಮ್ಮ ಹೆದರಿಕಿ ಮುಟ್ಟಿಂದೋ, ಇಲ್ಲಾ ಯಾರರ ಕೈ ಹಾಕ್ತಾರ ಅಂತನೋ?” ಅವರು ಅತ್ತರು. ಎರಡನೆಯದೇ ದೊಡ್ಡ ಹೆದರಿಕೆ. ಚೀಲ ತೆಗೆದರೆ ಬಸಿರಾಗುವುದಿಲ್ಲ, ನಿಜ. ಆದರೆ ಕೈ ಹಾಕುವವರನ್ನು ಅದು ತಡೆಯುವುದಿಲ್ಲ. ಹೊಟ್ಟೆ ಬರುವುದಿಲ್ಲ ಅಂತ ಗೊತ್ತಾದರೆ ಅಂಥವನಿಗೆ ಇನ್ನಷ್ಟು ಧೈರ್ಯ. ಇದನ್ನು ಹೇಳಿದಾಗ ಅವರು ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು.

ಆಮೇಲೆ ನಾವು ಶುರು ಮಾಡಿದೆವು. ವಿಶೇಷ ಶಾಲೆಯ ಶಿಕ್ಷಕಿಯೊಬ್ಬರು ದಾರಿ ತೋರಿಸಿದರು. ಒಂದು ಬಟ್ಟೆ ಗೊಂಬೆ. ಅದಕ್ಕೆ ಚಡ್ಡಿ. ಚಡ್ಡಿಯೊಳಗೆ ಕೆಂಪು ಕುಂಕುಮದ ನೀರು ಹಚ್ಚಿದ ಪ್ಯಾಡ್. ಗೊಂಬೆಯ ಪ್ಯಾಡ್ ಬದಲಿಸುವುದು ಆಟ. ಹುಡುಗಿಯ ಚಡ್ಡಿಯಲ್ಲಿ ಪ್ಯಾಡ್ ಎಲ್ಲಿ ಕೂರಬೇಕು ಅಂತ ಕಪ್ಪು ದಾರದಿಂದ ಹೊಲಿದು ಗುರುತು ಮಾಡಿದೆವು. ಮುಟ್ಟಿನ ದಿನ ಗೋಡೆಯ ಕ್ಯಾಲೆಂಡರಿನ ಮೇಲೆ ಕೆಂಪು ಟಿಕಳಿ. ಮೊದಲ ತಿಂಗಳು ಏನೂ ಆಗಲಿಲ್ಲ. ಎರಡನೇ ತಿಂಗಳು ಪ್ಯಾಡ್ ಕಿತ್ತು ಗೊಂಬೆಗೆ ಹಾಕಿದಳು. ನಾಲ್ಕನೇ ತಿಂಗಳು ಅವಳೇ ತಾಯಿಯ ಸೀರೆ ಜಗ್ಗಿ, ಟಿಕಳಿ ಪಾಕೀಟು ತೋರಿಸಿದಳು. ತಾಯಿ ಅದನ್ನು ಹೇಳಲು ಹೊಲದಿಂದಲೇ ನನಗೆ ಫೋನ್ ಮಾಡಿದರು. ಈಗಲೂ ಅಂಗಳದಲ್ಲಿ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಆದರೆ ಚೀಲದ ಮಾತು ಆ ಮನೆಯಲ್ಲಿ ಮತ್ತೆ ಬಂದಿಲ್ಲ.

ಕಾನೂನನ್ನು ಇಲ್ಲಿ ಹೇಳಿಬಿಡುತ್ತೇನೆ, ಯಾರಿಗಾದರೂ ಬೇಕಾಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಮಿನ ಪ್ರಕಾರ ನಮಗೆ ಸಂತಾನ ಮತ್ತು ಕುಟುಂಬ ಯೋಜನೆಯ ಮಾಹಿತಿ ಸಿಗುವ ಹಾಗೆ ನೋಡಿಕೊಳ್ಳುವುದು ಸರಕಾರದ ಕೆಲಸ. ನಾವು ತಿಳಿದು ಒಪ್ಪದೆ ಮಕ್ಕಳಾಗದ ಹಾಗೆ ಮಾಡುವ ಯಾವ ಆಪರೇಷನ್ನೂ ಮಾಡುವಂತಿಲ್ಲ. 25ನೇ ಕಲಮಿನಲ್ಲಿ ಲೈಂಗಿಕ ಆರೋಗ್ಯ ಅನ್ನುವ ಮಾತು ನೇರವಾಗಿಯೇ ಇದೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಅದಕ್ಕೂ ಮೊದಲು 2009ರಲ್ಲಿ ಚಂಡೀಗಢದ ಒಂದು ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಬುದ್ಧಿ ಬೆಳವಣಿಗೆ ಸ್ವಲ್ಪ ಕಡಿಮೆ ಇದ್ದ ಅನಾಥ ಹೆಣ್ಮಗಳು ಬಸಿರಾಗಿದ್ದಳು, ಮಗು ಬೇಕು ಅಂದಳು. ಆಡಳಿತದವರು ಗರ್ಭ ತೆಗೆಸಬೇಕು ಅಂದರು. ಅವಳು ಒಪ್ಪದೆ ತೆಗೆಯುವಂತಿಲ್ಲ ಅಂತ ಕೋರ್ಟು ಹೇಳಿತು. ಆ ಕೋರ್ಟು ಅವಳ ಬೇಕು-ಬೇಡ ಏನು ಅಂತ ನೋಡಿತಲ್ಲ, ನನಗೆ ಅದು ಬಹಳ ದೊಡ್ಡದು ಅನಿಸುತ್ತದೆ.

ಗಂಡಸರು ನನ್ನ ಹತ್ತಿರ ಬಂದು ಕೇಳುವುದಿಲ್ಲ. ನಾನು ಹೆಣ್ಣು, ಅವರಿಗೆ ಮುಜುಗರ. ಆದರೆ ಶಹಾಬಾದ ಕಡೆ ಕಲ್ಲಿನ ಗಣಿಯಲ್ಲಿ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಒಬ್ಬ ಹುಡುಗ ರಾತ್ರಿ ಹನ್ನೊಂದಕ್ಕೆ ವಾಯ್ಸ್ ಮೆಸೇಜ್ ಕಳಿಸಿದ. ಮದುವೆಯಾಗಿ ಎರಡು ವರ್ಷ, ಬಿದ್ದು ಒಂದು ವರ್ಷ. ಸೊಂಟದ ಕೆಳಗೆ ಬಲ ಇಲ್ಲ. ಬಹಳ ಹೊತ್ತು ಬರೀ ಉಸಿರು. ಆಮೇಲೆ, “ಅಕ್ಕಾ, ನಂದು ಎಲ್ಲಾ ಮುಗಿತೇನು?” ಅಷ್ಟೇ.

ನಮ್ಮ ತಾಲ್ಲೂಕಿನ ಎಂ.ಆರ್.ಡಬ್ಲ್ಯೂ, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ ಅಣ್ಣನ ನಂಬರ್ ಕೊಟ್ಟೆ. ಅವರೂ ಗಾಲಿಕುರ್ಚಿಯಲ್ಲಿ ಇರುವವರು, ಇಬ್ಬರು ಮಕ್ಕಳ ತಂದೆ. ಮಾರನೇ ದಿನವೇ ಅವನ ಮನೆಗೆ ಹೋದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ. ಪೆಟ್ಟು ಎಲ್ಲಿ ಬಿದ್ದಿದೆ, ನರ ಪೂರ್ತಿ ಹೋಗಿದೆಯೋ ಅರ್ಧವೋ ಅನ್ನುವುದರ ಮೇಲೆ ಇದೆಲ್ಲ ನಿಂತಿರುತ್ತದೆ. ಬಹಳ ಜನರಿಗೆ ನಿಮಿರುವುದು ಬರುತ್ತದೆ, ಬರದಿದ್ದರೆ ಡಾಕ್ಟರು ಮಾತ್ರೆ ಕೊಡುತ್ತಾರೆ. ಅಂಗಡಿಯಲ್ಲಿ ಕೇಳಿ ತಂದು ನುಂಗಬಾರದು. ಹೃದಯದ ಕೆಲವು ಮಾತ್ರೆ ತೆಗೆದುಕೊಳ್ಳುವವರಿಗಂತೂ ಅದು ಜೀವಕ್ಕೇ ಅಪಾಯ. ಮಗು ಬೇಕು ಅಂದರೆ ಅದಕ್ಕೂ ದಾರಿ ಇದೆ. ಕೂಡುವ ಮೊದಲು ಮೂತ್ರ ಖಾಲಿ ಮಾಡಿಕೊಳ್ಳಬೇಕು. ಆಮೇಲೆ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು, ಯಾಕೆಂದರೆ ಉಜ್ಜಿ ಗಾಯವಾದರೂ ತಿಳಿಯುವುದಿಲ್ಲ. ಎದೆಯ ಮೇಲ್ಭಾಗದಲ್ಲಿ ಪೆಟ್ಟಾದವರಿಗೆ ಕೂಡುವಾಗ ತಲೆ ಸಿಡಿಯುವಂತೆ ನೋವು ಬಂದು ಬೆವರಿದರೆ ತಕ್ಷಣ ನಿಲ್ಲಿಸಿ ಎದ್ದು ಕೂರಬೇಕು, ಕಡಿಮೆ ಆಗದಿದ್ದರೆ ಆಸ್ಪತ್ರೆಗೆ ಓಡಬೇಕು. ಬಿ.ಪಿ ಒಮ್ಮೆಲೇ ಏರಿರುತ್ತದೆ. ಇನ್ನೊಂದು, ಹೆಂಗಸರಿಗೆ ಬೆನ್ನುಹುರಿ ಪೆಟ್ಟಾದರೆ ಕೆಲವು ತಿಂಗಳು ಮುಟ್ಟು ನಿಲ್ಲಬಹುದು, ಮತ್ತೆ ಬರುತ್ತದೆ, ಬಸಿರೂ ಆಗಬಹುದು.

ಅಣ್ಣ ಹೊರಗೆ ಬರುವಾಗ ಆ ಹುಡುಗನ ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳಂತೆ. “ಅವರಿಗೆ ಹೇಳ್ರಿ, ನಾ ಎಲ್ಲೂ ಹೋಗಂಗಿಲ್ಲ. ರಾತ್ರಿ ಮಾತರ ಆಡು ಅಂತ ಹೇಳ್ರಿ” ಅಂದಳಂತೆ. ಒಂದು ವರ್ಷದಿಂದ ಅವನು ಗೋಡೆ ಕಡೆ ಮುಖ ಮಾಡಿ ಮಲಗುತ್ತಿದ್ದ. ಅವಳನ್ನೂ ಯಾರೂ ಏನೂ ಕೇಳಿರಲಿಲ್ಲ.

ಮಕ್ಕಳು ಸದ್ಯಕ್ಕೆ ಬೇಡ ಅನ್ನುವವರಿಗೆ ಸರಕಾರಿ ಆಸ್ಪತ್ರೆಯಲ್ಲಿ ನಿರೋಧ್ ಇದೆ, ಮಾಲಾ-ಎನ್ ಮಾತ್ರೆ, ಛಾಯಾ ಮಾತ್ರೆ, ಮೂರು ತಿಂಗಳಿಗೊಮ್ಮೆ ಹಾಕಿಸುವ ಅಂತರಾ ಸೂಜಿ, ಗರ್ಭಚೀಲದೊಳಗೆ ಇಡುವ ವಂಕಿ. ಎಲ್ಲಾ ಪುಕ್ಕಟೆ. ಆದರೆ ನಮ್ಮ ಮೈಗೆ ಯಾವುದು ಹೊಂದುತ್ತದೆ ಅಂತ ಕೇಳಿಕೊಂಡೇ ತೆಗೆದುಕೊಳ್ಳಬೇಕು. ದಿನವಿಡೀ ಕೂತೇ ಇರುವವರಿಗೆ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ಮಾಲಾ-ಎನ್ ಥರದ ಮಾತ್ರೆ ಅದನ್ನು ಜಾಸ್ತಿ ಮಾಡಬಹುದು. ಫಿಟ್ಸ್‌ಗೆ ಫೆನಿಟಾಯಿನ್, ಕಾರ್ಬಮಜೆಪಿನ್ ತೆಗೆದುಕೊಳ್ಳುವವರಲ್ಲಿ ಗರ್ಭನಿರೋಧಕ ಮಾತ್ರೆಯ ಶಕ್ತಿ ಕಡಿಮೆಯಾಗುತ್ತದೆ. ನನ್ನ ಪರಿಚಯದ ಒಬ್ಬಳು ಒಂದು ದಿನವೂ ಬಿಡದೆ ಮಾತ್ರೆ ನುಂಗಿದರೂ ಬಸಿರಾದಳು. ಅವಳದೇ ತಪ್ಪು ಅಂತ ಮನೆಯವರು ಬೈದರು. ಫಿಟ್ಸ್ ಮಾತ್ರೆಯ ವಿಷಯ ಅವಳನ್ನು ಯಾರೂ ಕೇಳಿರಲಿಲ್ಲ.

ಆಶಾ ಅಕ್ಕಂದಿರ ಹತ್ತಿರ ಕುಟುಂಬ ಯೋಜನೆಗೆ ಅರ್ಹ ದಂಪತಿಗಳ ರಿಜಿಸ್ಟರ್ ಇರುತ್ತದೆ. ನಾನು ನನ್ನ ಪಂಚಾಯಿತಿಯಲ್ಲಿ ಅವರ ಜೊತೆ ಕೂತು, ನನ್ನ ಪಟ್ಟಿಯ ಹೆಸರುಗಳನ್ನು ಅದರಲ್ಲಿ ಹುಡುಕಿದೆ. ಗಂಡ-ಹೆಂಡತಿ ಇಬ್ಬರಿಗೂ ಕಣ್ಣು ಕಾಣದ ಒಂದು ಮನೆ ಅದರಲ್ಲಿ ಇರಲೇ ಇಲ್ಲ. “ಅವ್ರಿಗೆ ಬೇಕಾಗ್ತದ ಅಂತ ಅನ್ನಿಸ್ಲೇ ಇಲ್ಲಕ್ಕಾ” ಅಂದಳು ಆ ಆಶಾ. ಒಳ್ಳೆಯ ಹುಡುಗಿ, ಹೊಟ್ಟೆಕಿಚ್ಚಿಲ್ಲ, ಕೆಟ್ಟತನವಿಲ್ಲ. ಮಾರನೇ ದಿನವೇ ಆ ಮನೆಗೆ ಹೋದಳು. ನಿರೋಧ್ ಹೇಗೆ ಹಾಕಿಕೊಳ್ಳುವುದು ಅಂತ ಬಾಯಲ್ಲಿ ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ಗಂಡನ ಕೈಗೆ ಒಂದು ಬಾಳೆಕಾಯಿ ಕೊಟ್ಟು, ಪಾಕೀಟಿನ ಅಂಚು ಎಲ್ಲಿ ಹರಿಯಬೇಕು, ಸುರುಳಿ ಯಾವ ಕಡೆ ಬಿಚ್ಚುತ್ತದೆ ಅಂತ ಬೆರಳಿನಿಂದಲೇ ತೋರಿಸಬೇಕು. ಆಶಾ ನಾಚಿಕೊಂಡಳು. ನಾನೂ ಮೊದಲ ಸಲ ನಾಚಿಕೊಂಡಿದ್ದೆ. ಎಂ.ಆರ್.ಡಬ್ಲ್ಯೂ ಅಣ್ಣನೇ ಹೋಗಿ ಹೇಳಿಕೊಟ್ಟರು.

ನನ್ನ ಆ ಗೆಳತಿಗೆ ಜನವರಿಯಲ್ಲಿ ಹೆಣ್ಣು ಮಗು ಹುಟ್ಟಿತು. ಎರಡೂಮುಕ್ಕಾಲು ಕೆ.ಜಿ. ತೊಟ್ಟಿಲಿಗೆ ಹಾಕುವ ದಿನ ಹೋಗಿದ್ದೆ. ಮಗುವಿನ ಹುಬ್ಬಿನ ಮೇಲೆ ಬೆರಳಾಡಿಸಿ, “ನೂಲಿನ ಎಳಿ ಹಂಗ ಅವ ಅಲ್ಲೇನಕ್ಕಾ” ಅಂದಳು.

ಒಂದೂವರೆ ತಿಂಗಳಾದ ಮೇಲೆ ಅಂತರಾ ಸೂಜಿ ಹಾಕಿಸಿಕೊಂಡಳು. ಎರಡನೆಯದಕ್ಕೆ ಮೇ ಕೊನೆಯಲ್ಲಿ ಅತ್ತೆಯ ಜೊತೆ ಹೋಗಿದ್ದಳು. ಸಂಜೆ ಫೋನ್ ಬಂತು. ಒಳಗೆ ಹೋದ ಕೂಡಲೇ ಸಿಸ್ಟರ್ ಅತ್ತೆಗೆ “ನೀವು ಸ್ವಲ್ಪ ಹೊರಗ ಕೂಡ್ರಿ, ನಾ ಅವ್ರ ಜೊತಿ ಮಾತಾಡ್ತೀನಿ” ಅಂದರಂತೆ. ರಕ್ತ ಹೋಗುತ್ತಿದೆಯಾ, ತಲೆನೋವಿದೆಯಾ, ಗಂಡ ಏನಂತಾನೆ, ಮುಂದಿನ ಸೂಜಿಯೂ ಬೇಕಾ, ಎಲ್ಲಾ ಅವಳನ್ನೇ ಕೇಳಿದರಂತೆ. “ನನಗ ಮೊದ್ಲ ಉತ್ತರಾ ಹೇಳ್ಲಿಕ್ಕೇ ಆಗ್ಲಿಲ್ಲಕ್ಕಾ. ನನ್ನ ಕೇಳ್ಯಾರ ಅಂತ ತಿಳೀಲೇ ಇಲ್ಲ” ಅಂದಳು.

ಅಂತರಾ ಕಾರ್ಡಿನಲ್ಲಿ ಮುಂದಿನ ತಾರೀಖು ಪೆನ್ನಿನಲ್ಲಿ ಬರೆದಿರುತ್ತಾರೆ. ಅದು ಅವಳಿಗೆ ಕಾಣುವುದಿಲ್ಲ. ಅದಕ್ಕೆ ಒಂದು ದಾರಕ್ಕೆ ಮೂರು ಗಂಟು ಹಾಕಿ ಕಾರ್ಡಿಗೆ ಕಟ್ಟಿಕೊಂಡಿದ್ದಾಳೆ. ತಿಂಗಳಿಗೊಂದು ಬಿಚ್ಚುತ್ತಾಳೆ. ನಿನ್ನೆ ಬಂದಾಗ ಮುಟ್ಟಿ ನೋಡಿದೆ, ಇನ್ನೂ ಎರಡು ಗಂಟು ಇವೆ.